ಟ್ರೋಫಿ ಇಲ್ಲದ ಕ್ಲಬ್ಬಿನ ಚರಿತ್ರೆ ಬರೆದದ್ದು

ಬೆಳಗಾವಿಯಲ್ಲಿ ಫುಟ್‌ಬಾಲ್ ಎಂದರೆ ಮಾತು ಕ್ಯಾಂಪಿನಿಂದಲೇ, ಅಂದರೆ ಸೇನೆಯ ದಂಡು ಪ್ರದೇಶದಿಂದಲೇ ಶುರು. 1818ರಲ್ಲಿ ಕೋಟೆ ಬ್ರಿಟಿಷರ ವಶವಾಯಿತು, ದಂಡು ಬಂದು ನೆಲೆಸಿತು. ನಮ್ಮ ಕ್ಲಬ್ಬಿನ ಹಿರಿಯರ ಮಾತು ಕೇಳಿದರೆ ಕ್ಲಬ್ಬೂ ಹೆಚ್ಚುಕಡಿಮೆ ಆಗಲೇ ಹುಟ್ಟಿರಬೇಕು! ಲೀಗಿನ ಕೆಳ ಡಿವಿಷನ್ನಿನಲ್ಲೇ ಕಾಲ ಕಳೆದ ಈ ಕ್ಲಬ್ಬಿನ ಚರಿತ್ರೆ ಬರೆಯಲು ಒಪ್ಪಿದಾಗ ನನ್ನ ಕೈಗೆ ಬಂದದ್ದು ಒಂದು ತಗಡಿನ ಟ್ರಂಕು. ಒಳಗೆ ವಂತಿಗೆ ರಸೀದಿ, ನಡಾವಳಿ ಪುಸ್ತಕ, ಲೆಟರ್‌ಹೆಡ್, ತಂಡದ ಫೋಟೊಗಳು. ತಾರೀಖು ಬರೆಯುವ ಚಾಳಿ ಮಾತ್ರ ಯಾರಿಗೂ ಇದ್ದಂತಿರಲಿಲ್ಲ.

ಹೀಗಾಗಿ ಹಿರಿಯರನ್ನು ಮಾತನಾಡಿಸುವ ಮೊದಲು ಕಾಗದಗಳನ್ನು ಕಾಲಕ್ರಮಕ್ಕೆ ತಂದೆ. 'ನಯೇ ಪೈಸೆ' (ದಶಮಾಂಶ ಪದ್ಧತಿಯ ಹೊಸ ಪೈಸೆ) ಎಂದಿದ್ದರೆ ಅದು 1957ರ ಏಪ್ರಿಲ್ ನಂತರದ್ದು. ಆಣೆಯ ಲೆಕ್ಕವನ್ನು ಅಷ್ಟು ನಂಬುವಂತಿಲ್ಲ, ಏಕೆಂದರೆ ಹಳೆಯ ನಾಣ್ಯ ಆಮೇಲೂ ಕೆಲಕಾಲ ಓಡಿತು. ಲೆಟರ್‌ಹೆಡ್ಡಿನಲ್ಲಿ 590ರಿಂದ ಶುರುವಾಗುವ ಪಿನ್‌ಕೋಡ್ ಇದ್ದರೆ ಅದು ಅಚ್ಚಾದದ್ದು 1972ರ ಆಗಸ್ಟ್ 15ರ ಈಚೆಗೆ. ಅಂಕಪಟ್ಟಿಯಲ್ಲಿ ಗೆಲುವಿಗೆ 2 ಅಂಕವೋ 3 ಅಂಕವೋ ಎಂದು ಗುಣಿಸಿ ನೋಡಬೇಕು. 3 ಅಂಕವಿದ್ದರೆ ಪಟ್ಟಿ ಈಚಿನದಿರಬೇಕು, ಏಕೆಂದರೆ ವಿಶ್ವಕಪ್‌ನಲ್ಲೇ 3 ಅಂಕ ಬಂದದ್ದು 1994ರಲ್ಲಿ. ಫೋಟೊದಲ್ಲಿ ಕಪ್ಪು-ಬಿಳಿ ಚೆಂಡಿದ್ದರೆ ಅಂಥ ಚೆಂಡನ್ನು ಜನಪ್ರಿಯಗೊಳಿಸಿದ 1970ರ ಮೆಕ್ಸಿಕೊ ವಿಶ್ವಕಪ್‌ನ ಆಚೀಚೆ ಅಥವಾ ಅದರ ನಂತರದ್ದು ಎಂದು ಊಹಿಸಬಹುದು. ಬರಿಗಾಲು ಮಾತ್ರ ಇಸವಿಯನ್ನು ಹೇಳುವುದಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ನಮ್ಮ ದೇಶದ ಹೆಚ್ಚಿನ ಆಟಗಾರರು ಬರಿಗಾಲಲ್ಲೇ ಇಳಿದಿದ್ದರು. ನಮ್ಮ ಹುಡುಗರು ಅದಾದ ಎಷ್ಟೋ ವರ್ಷಗಳ ಮೇಲೂ ಬೂಟಿಗೆ ದುಡ್ಡಿಲ್ಲದೆ ಹಾಗೆಯೇ ಆಡಿದರು.

ನನಗೆ ಹೆಚ್ಚು ಸಿಕ್ಕಿದ್ದು ಸಂಘಗಳ ನೋಂದಣಿ ಫೈಲಿನಲ್ಲಿ. 1960ರ ಕಾಯಿದೆಯ ಪ್ರಕಾರ ಪ್ರತಿ ವಾರ್ಷಿಕ ಸಭೆಯ ನಂತರ ಆಡಳಿತ ಮಂಡಳಿಯ ಪಟ್ಟಿಯನ್ನು ಸಲ್ಲಿಸಬೇಕು. ಆ ಪಟ್ಟಿಗಳಲ್ಲಿ ಹೆಸರಿನ ಮುಂದೆ ಉದ್ಯೋಗವೂ ಇತ್ತು: ವಡಗಾವಿಯ ನೇಕಾರ, ಉದ್ಯಮಬಾಗದ ಫೌಂಡ್ರಿ ಕಾರ್ಮಿಕ, ರೈಲ್ವೆ ನೌಕರ, ದರ್ಜಿ. ಗೋಲುಗಳ ಲೆಕ್ಕಕ್ಕಿಂತ ಈ ಕಾಲಮ್ಮೇ ನನಗೆ ಚರಿತ್ರೆಯಾಗಿ ಕಂಡಿತು. ನಡಾವಳಿ ಮೊದಲು ಮರಾಠಿಯಲ್ಲಿತ್ತು, ನಡುವೆ ಇಂಗ್ಲಿಷಿಗೆ ಹೊರಳಿ ಕೊನೆಗೆ ಕನ್ನಡಕ್ಕೆ ಬಂದಿತ್ತು. ಇಲ್ಲಿ ಭಾಷೆಯ ಜಗಳ ಸಿಗಬಹುದೆಂದು ಹುಡುಕಿದವನಿಗೆ ಸಿಕ್ಕಿದ್ದು, ಚೆಂಡಿನೊಳಗಿನ ಒಡೆದ ಬ್ಲಾಡರ್ ಯಾರ ಖರ್ಚಿನಲ್ಲಿ ಬದಲಾಗಬೇಕು ಎಂಬ ಜಗಳ.

ಹಿರಿಯರ ಬಳಿಗೆ ಫೋಟೊ ಹಿಡಿದುಕೊಂಡೇ ಹೋದೆ. "ಯಾವ ಪಂದ್ಯ ಗೆದ್ದಿರಿ" ಎಂದು ಕೇಳಿದರೆ ಒಂದೇ ಗೋಲನ್ನು ಮೂವರು ಹೊಡೆದಿರುತ್ತಾರೆ. ಜರ್ಸಿ ಒಗೆದವರಾರು, ಮೈದಾನಕ್ಕೆ ಸುಣ್ಣದ ಗೆರೆ ಎಳೆದವರಾರು ಎಂದು ಕೇಳಬೇಕು. ಆಗ ನಿಜ ಹೊರಬರುತ್ತದೆ, ಜೊತೆಗೆ ಪಟ್ಟಿಯಲ್ಲೆಲ್ಲೂ ಇಲ್ಲದ ಹೆಂಗಸರ ಹೆಸರುಗಳೂ.

ಉಳಿದದ್ದು ಸ್ಥಾಪನೆಯ ಇಸವಿ. ಕೆಲವು ರಸೀದಿಗಳ ಮೇಲೆ 'ಮುಂಬಯಿ ರಾಜ್ಯ' ಎಂಬ ಮೊಹರಿದೆ. ರಾಜ್ಯ ಬದಲಾಯಿತೆಂದು ಬಡ ಕ್ಲಬ್ಬು ಹೊಸ ಮೊಹರು ಮಾಡಿಸುವುದಿಲ್ಲ, ಆದ್ದರಿಂದ ಅದನ್ನು ನಂಬಿ ರಸೀದಿಯ ಕಾಲ ಹೇಳಲಾಗದು. ಆದರೆ ಬೆಳಗಾವಿ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅಂಥ ಮೊಹರನ್ನು ಯಾರೂ ಕೆತ್ತಿಸಿರಲಾರರು. ಹಾಗಾಗಿ "1956ರ ನವೆಂಬರಿಗೆ ಮೊದಲು" ಎಂದಷ್ಟೇ ಬರೆದೆ. ಅಮೃತ ಮಹೋತ್ಸವಕ್ಕೆ ಖಚಿತ ಇಸವಿ ಬೇಕಿದ್ದ ಪದಾಧಿಕಾರಿಗಳಿಗೆ ಇದು ರುಚಿಸಲಿಲ್ಲ. ಬೇಕಾದ ಇಸವಿಯನ್ನು ಅವರು ಬ್ಯಾನರಿನ ಮೇಲೆ ಹಾಕಿಕೊಳ್ಳಲಿ; ಪುಸ್ತಕದಲ್ಲಿ ನಾನು ಮೊಹರಿನ ಚಿತ್ರ ಹಾಕಿದ್ದೇನೆ.