ಲಕ್ವ ಹೊಡೆದವರನ್ನು ಮತ್ತೆ ನಡೆಸುವುದು ಹೇಗೆ?

ಲಕ್ವ ಹೊಡೆದು ಆಸ್ಪತ್ರೆ ಸೇರಿದವರ ಮನೆಯವರು ನಮ್ಮಂಥ ಫಿಸಿಯೊಥೆರಪಿಯವರನ್ನು ಮೊದಲು ಕೇಳುವುದೇ ‘ಯಾವಾಗ ನಡೀತಾರೆ ಸಾರ್?’ ಎಂದು. ಕೋಲಾರದ ಕಡೆ ಹಳ್ಳಿಗಳಲ್ಲಿ ಎರಡು ರೀತಿ ಕಾಣುತ್ತೇವೆ. ಕೆಲವರು ‘ರೆಸ್ಟ್ ಇರಲಿ’ ಎಂದು ತಿಂಗಳುಗಟ್ಟಲೆ ಮಂಚದ ಮೇಲೆಯೇ ಬಿಡುತ್ತಾರೆ. ಇನ್ನು ಕೆಲವರು ಮನೆಗೆ ಬಂದ ದಿನವೇ ಇಬ್ಬರು ಕಂಕುಳಿಗೆ ಕೈ ಹಾಕಿ ಅಂಗಳದ ತುಂಬ ಎಳೆದಾಡಿಸುತ್ತಾರೆ. ಎರಡರಲ್ಲೂ ಪ್ರೀತಿಯಿದೆ, ಎರಡರಿಂದಲೂ ಕೆಡುಕಿದೆ. ಸ್ವಾಧೀನ ತಪ್ಪಿದ ಕಾಲು ಮೈಭಾರ ಹೊರುವುದನ್ನು ಮತ್ತೆ ಕಲಿಯಬೇಕು. ಮಲಗಿಸಿದರೂ ಕಲಿಯದು, ನಾವೇ ಹೊತ್ತುಕೊಂಡರೂ ಕಲಿಯದು.

ಯಾವಾಗ ಶುರು?

ಮೊದಲ 24 ಗಂಟೆಯಲ್ಲಿ ಅವಸರ ಬೇಡ. ಲ್ಯಾನ್ಸೆಟ್ ಪತ್ರಿಕೆಯಲ್ಲಿ 2015ರಲ್ಲಿ ಬಂದ ‘ಅವರ್ಟ್’ ಎಂಬ ದೊಡ್ಡ ಅಧ್ಯಯನ ಐದು ದೇಶಗಳ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿತ್ತು. ಮೊದಲ ದಿನವೇ ಹೆಚ್ಚು ಹೊತ್ತು ಎಬ್ಬಿಸಿ ಓಡಾಡಿಸಿದವರ ಸ್ಥಿತಿ, ಮಾಮೂಲಿ ಆರೈಕೆ ಪಡೆದವರಿಗಿಂತ ಮೂರು ತಿಂಗಳ ಬಳಿಕ ಹಿಂದೆ ಬಿದ್ದಿತ್ತು. ಹಾಗಾಗಿ ಬಿ.ಪಿ. ಹತೋಟಿಗೆ ಬಂದು ಡಾಕ್ಟರು ಒಪ್ಪಿದ ಮೇಲೆ, ಸಾಮಾನ್ಯವಾಗಿ ಎರಡನೇ ದಿನದ ಹೊತ್ತಿಗೆ, ಸ್ವಲ್ಪ ಸ್ವಲ್ಪವಾಗಿ ಶುರು ಮಾಡಿ. ಒಂದೇ ಸಲ ಅರ್ಧ ಗಂಟೆ ಮಾಡಿಸುವ ಬದಲು ಐದೈದು ನಿಮಿಷ, ದಿನಕ್ಕೆ ಹಲವು ಸಲ.

ಮೊದಲು ಮಂಚದ ಅಂಚಿನಲ್ಲಿ ಕೂರಿಸಿ. ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಲಿ. ಕಣ್ಣು ಕತ್ತಲೆ, ಬೆವರು, ತಲೆಸುತ್ತು ಬಂದರೆ ಮಲಗಿಸಿ, ಬಿ.ಪಿ. ನೋಡಿಸಿ. ಆಸರೆಯಿಲ್ಲದೆ ಕೂರಲು ಬಂದ ಮೇಲೆ ನಿಲ್ಲುವ ಮಾತು.

ಏಳಿಸುವ ಕ್ರಮ

ಇಲ್ಲಿ ತಾಳ್ಮೆ ಬೇಕು, ನಡಿಗೆಯ ಅರ್ಧ ಪಾಠ ಇಲ್ಲೇ ಇದೆ. ನವಾರಿನ ಮಂಚ ಕುಸಿಯುವುದರಿಂದ ಅದರಿಂದ ಏಳುವುದು ಕಷ್ಟ, ಕೈಯಿರುವ ಗಟ್ಟಿ ಕುರ್ಚಿ ತನ್ನಿ. ಕುರ್ಚಿಯ ಮುಂದಿನ ಅಂಚಿಗೆ ಸರಿಯಲಿ. ಪಾದಗಳು ಮಂಡಿಗಿಂತ ತುಸು ಹಿಂದಿರಲಿ. ಎದೆ ಮುಂದೆ ಬಾಗಿಸಿ, ಮೂಗು ಕಾಲ್ಬೆರಳ ನೇರಕ್ಕೆ ಬಂದಾಗ ಏಳಲು ಹೇಳಿ. ನೇರವಾಗಿ ಕೂತಲ್ಲಿಂದಲೇ ಏಳಲು ಹೋಗಿ ಹಿಂದಕ್ಕೆ ಬೀಳುವವರೇ ಹೆಚ್ಚು. ಏಳುವಾಗ ಒಳ್ಳೆ ಕಾಲೇ ಎಲ್ಲ ಭಾರ ಹೊರಲು ನೋಡುತ್ತದೆ. ಸೋತದ್ದು ಎಡಗಾಲಾದರೆ ‘ಅಪ್ಪಾ, ಎಡಗಾಲಿಗೂ ಭಾರ ಹಾಕಿ’ ಎಂದು ಆ ಮಂಡಿಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿ ನೆನಪಿಸಿ. ಬೇಗ ಎಬ್ಬಿಸಿಬಿಡಬೇಡಿ, ಅವರಾಗಿಯೇ ಏಳಲು ಹೊತ್ತು ಕೊಡಿ.

ನಿಂತ ಮೇಲೆ ಮೇಜನ್ನೋ ಕಿಟಕಿ ಸರಳನ್ನೋ ಹಿಡಿದು ಭಾರವನ್ನು ಆ ಕಾಲಿಂದ ಈ ಕಾಲಿಗೆ ಬದಲಿಸಲಿ. ಸೋತ ಕಾಲಿನ ಮೇಲೆ ನಾಲ್ಕೈದು ಉಸಿರಿನಷ್ಟು ಹೊತ್ತು ನಿಲ್ಲಲು ಬಂದರೆ ಹೆಜ್ಜೆಗೆ ಸಿದ್ಧ.

ಹೆಜ್ಜೆ

ಹಿಡಿಯುವವರು ಸ್ವಾಧೀನ ತಪ್ಪಿದ ಕಡೆ, ಒಂದಿಷ್ಟು ಹಿಂದೆ ನಿಲ್ಲಬೇಕು. ಸೊಂಟಕ್ಕೆ ದಪ್ಪ ಟವೆಲ್ ಬಿಗಿಯಾಗಿ ಕಟ್ಟಿ ಅದನ್ನು ಹಿಡಿಯಿರಿ. ದಯವಿಟ್ಟು ಆ ತೋಳು ಹಿಡಿದು ಎಳೆಯಬೇಡಿ, ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಶಕ್ತಿಯಿಲ್ಲದ ತೋಳಿನ ಕೀಲು ಜಾರಿದರೆ ಆ ನೋವು ತಿಂಗಳುಗಟ್ಟಲೆ ಕಾಡುತ್ತದೆ, ನಡೆಯುವ ಹುಮ್ಮಸ್ಸೂ ಇಂಗಿಹೋಗುತ್ತದೆ.

ಕೋಲು ಒಳ್ಳೆ ಕೈಯಲ್ಲಿರಲಿ. ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕಿರಬೇಕು. ಮೊದಲು ಕೋಲು, ಆಮೇಲೆ ಸೋತ ಕಾಲು, ಕೊನೆಗೆ ಒಳ್ಳೆ ಕಾಲು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಚಪ್ಪಲಿಯ ಮುಂದಿನ ತುದಿ ಸವೆದಿದ್ದರೆ ಪಾದ ಎತ್ತಲಾಗದೆ ನೆಲಕ್ಕೆ ಕೆರೆಯುತ್ತಿದೆ ಎಂದರ್ಥ. ಪಾದ ಹಿಡಿದಿಡುವ ಸ್ಪ್ಲಿಂಟ್ ಬೇಕೇ ಎಂದು ಕೇಳಿ. ಹವಾಯಿ ಚಪ್ಪಲಿ ಬೇಡವೇ ಬೇಡ, ಹಿಂದೆ ಪಟ್ಟಿಯಿರುವುದನ್ನು ಹಾಕಿಸಿ.

ಹೊಸಿಲ ಬಳಿಯ ಗೋಣಿಚೀಲ, ಒದ್ದೆ ಬಚ್ಚಲು ಕಲ್ಲು, ರೇಷ್ಮೆ ಸಾಕುವ ಮನೆಯಾದರೆ ಹಜಾರದಲ್ಲಿ ಒರಗಿಸಿಟ್ಟ ಚಂದ್ರಿಕೆಗಳು (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗಳು), ಇವೆಲ್ಲ ದಾರಿ ಬಿಡಲಿ.

ಬೇಡವಾದದ್ದು

ಪಾರಿವಾಳದ ರಕ್ತ ಹಚ್ಚಿದರೆ ಕೈಕಾಲು ಬರುತ್ತದೆಂಬ ನಂಬಿಕೆ ಇನ್ನೂ ಇದೆ. ಬರುವುದಿಲ್ಲ. ಮೆದುಳಿನಲ್ಲಿ ಆದ ಪೆಟ್ಟಿಗೆ ಚರ್ಮದ ಮೇಲೆ ಔಷಧಿಯಿಲ್ಲ. ಚೇತರಿಕೆ ಚುರುಕಾಗಿರುವ ಮೊದಲ ಮೂರು ತಿಂಗಳು ಹೀಗೆ ಕೈತಪ್ಪುವುದನ್ನು ನೋಡಿದರೆ ಸಂಕಟವಾಗುತ್ತದೆ. ಎಣ್ಣೆ ತಿಕ್ಕುವುದಾದರೆ ಮೆಲ್ಲಗೆ. ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ತಿಕ್ಕಲೇಬಾರದು, ನಡೆಸಲೂಬಾರದು, ರಕ್ತ ಹೆಪ್ಪುಗಟ್ಟಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ. ನಡೆಯಲು ಬಂತೆಂದು ಬಿ.ಪಿ., ಶುಗರ್ ಮಾತ್ರೆ ನಿಲ್ಲಿಸಿದವರಿಗೆ ಮತ್ತೆ ಲಕ್ವ ಹೊಡೆಯುವ ಅಪಾಯ ಹೆಚ್ಚು. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ, ಲಕ್ವ ಹೊಡೆದಾಗಿನಿಂದ ನಾಲ್ಕೂವರೆ ಗಂಟೆಯ ಗಡುವಿದೆ.

ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮ ಮೊದಲು ಜಾರಿಯಾದ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರವೂ ಸೇರಿವೆ. ಬೆಂಗಳೂರಿಗೆ ಓಡುವ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಹೋಗುವಾಗ ಮಾತ್ರೆ ಚೀಟಿ, ಅವರು ಹಾಕುವ ಚಪ್ಪಲಿ ತೆಗೆದುಕೊಂಡು ಹೋಗಿ. ಮನೆಯಲ್ಲಿ ನಡೆಯುವುದನ್ನು ಎದುರಿನಿಂದೊಮ್ಮೆ, ಪಕ್ಕದಿಂದೊಮ್ಮೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ತೋರಿಸಿ. ಆಸ್ಪತ್ರೆಯ ನುಣುಪು ನೆಲದ ಮೇಲೆ ಕಾಣದ ಎಡವಟ್ಟು ಅದರಲ್ಲಿ ನಮಗೆ ಸಿಗುತ್ತದೆ.