ಬಿಸಿಲೂರು ಬಿಡುವ ಮೊದಲು ನಾವು ಮಾಡಿದ್ದು

ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲಿಗಾಗಿಯೇ ಮಾಡಿದ ವೇಳೆ ಅದು. ಆಮೇಲೆ ಸಂಜೆ ಐದರವರೆಗೆ ಊರು ಬಾಗಿಲು ಹಾಕಿಕೊಂಡು ಮಲಗುತ್ತದೆ. ಆ ಹೊತ್ತಿನಲ್ಲಿ ಕೂಲರ್ ಮುಂದೆ ಕೂತವರ ಬಾಯಲ್ಲಿ ಒಂದೇ ಮಾತು: "ಎಲ್ಲ್ಯಾರ ತಂಪನ ಊರಿಗಿ ಹೋಗಿ ಇದ್ದುಬಿಡಬೇಕು ನೋಡ್ರಿ." ನಮ್ಮ ಮನೆಯಲ್ಲೂ ವರ್ಷಾನುಗಟ್ಟಲೆ ಇದೇ ಮಾತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನಿವೃತ್ತಿ ಆಗಲಿ, ಹೋಗೋಣ ಅಂದುಕೊಂಡು ಬೇಸಿಗೆಗಳನ್ನು ದಾಟಿಸುತ್ತಿದ್ದೆವು.

ಮಾತು ಕೆಲಸಕ್ಕೆ ತಿರುಗಿದ್ದು 2024ರ ಮೇ ತಿಂಗಳಲ್ಲಿ. ಅತ್ತೆಗೆ ಎಂಬತ್ತು ದಾಟಿದೆ. ಒಂದು ರಾತ್ರಿ ಎದ್ದು ಕೂತು, ಎಂದೋ ತೀರಿಹೋದ ತಮ್ಮನ ಹತ್ತಿರ ಮಾತಾಡತೊಡಗಿದರು. ಮೈ ಮುಟ್ಟಿದರೆ ಸುಡುತ್ತಿತ್ತು, ಬೆವರು ಮಾತ್ರ ಒಂದು ಹನಿ ಇರಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಓಡಿದೆವು. ಸಲೈನ್ ಹಾಕಿ, ಒದ್ದೆ ಬಟ್ಟೆ ಹೊದಿಸಿ, ಬೆಳಗಿನ ಹೊತ್ತಿಗೆ ಸರಿಮಾಡಿದರು. ಅಲ್ಲಿನ ಡಾಕ್ಟರಮ್ಮ ಹೇಳಿದ ಒಂದು ಮಾತು ನನಗೆ ನಾಟಿತು. ವಯಸ್ಸಾದವರಿಗೆ ಬಾಯಾರಿಕೆಯೇ ಗೊತ್ತಾಗುವುದಿಲ್ಲ, ಬೆವರುವುದೂ ಕಡಿಮೆ. ಹಗಲಿನ ಬಿಸಿಲನ್ನು ಹೇಗೋ ತಡೆಯುತ್ತಾರೆ. ರಾತ್ರಿಯೂ ಮೈ ತಣಿಯದೆ ಹೋದರೆ ಆಗ ಕುಸಿಯುತ್ತಾರೆ.

ಪೇಪರಿನಲ್ಲಿ ಬರುವುದು ಹಗಲಿನ ಲೆಕ್ಕ. ಬಯಲುಸೀಮೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟಿ, ಆ ದಿನದ ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿ ಆದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಅನ್ನುತ್ತದೆ. 45 ಮುಟ್ಟಿದರೆ ವಾಡಿಕೆ ಎಷ್ಟೇ ಇರಲಿ, ಬಿಸಿಗಾಳಿಯೇ. ನನಗೆ ಬೇಕಾದದ್ದು ಅತ್ತೆ ಮಲಗುವ ಕೋಣೆಯ ರಾತ್ರಿಯ ಲೆಕ್ಕ. ಎರಡು ಥರ್ಮಾಮೀಟರ್ ತಂದೆ. ಒಂದನ್ನು ಆ ಕೋಣೆಯ ಗೋಡೆಗೆ, ಇನ್ನೊಂದನ್ನು ಅಂಗಳದ ಬೇವಿನ ಮರಕ್ಕೆ ಕಟ್ಟಿದೆ. ರಾತ್ರಿ ಹನ್ನೊಂದಕ್ಕೆ ಮರದ ಕೆಳಗೆ 32, ಕೋಣೆಯೊಳಗೆ 37! ದಿನವೆಲ್ಲ ಬಿಸಿಲು ಕುಡಿದ ಆರ್‌ಸಿಸಿ ಚಾವಣಿ ರಾತ್ರಿಯಿಡೀ ಅದನ್ನು ಒಳಗೆ ಕಾರುತ್ತಿತ್ತು. ನಮ್ಮ ಹಳ್ಳಿಯ ಹಳೇ ಮನೆ ಮಾಳಿಗೆ ಮನೆ. ದಪ್ಪ ಕಲ್ಲಿನ ಗೋಡೆ, ತೊಲೆಗಳ ಮೇಲೆ ಮೊಳದಷ್ಟು ಮಣ್ಣು, ಕೆಳಗೆ ಶಹಾಬಾದ್ ಪರಸಿ. ಅಲ್ಲಿ ಇದೇ ಬಿಸಿಲಿಗೆ ಅತ್ತೆ ಚಾದರ ಹೊದ್ದು ಮಲಗುತ್ತಿದ್ದರು.

ಅಂದರೆ ಊರು ಬಿಡುವ ಮಾತಿಗೆ ಮೊದಲು ಚಾವಣಿ ನೋಡಬೇಕಿತ್ತು. ಸುಟ್ಟ ಸುಣ್ಣ ತಂದು ರಾತ್ರಿ ನೀರಲ್ಲಿ ಅರಳಿಸಿ, ಸೋಸಿ, ಸ್ವಲ್ಪ ಬಿಳಿ ಸಿಮೆಂಟ್ ಮತ್ತು ಫೆವಿಕಾಲ್ ಕಲಸಿದೆವು. ಚಾವಣಿ ತೊಳೆದು, ಇನ್ನೂ ಹಸಿ ಇದ್ದಾಗಲೇ ಸಂಜೆ ಬಳಿಸಿದೆವು. ಮೂರು ಕೈ ಆಯಿತು. ಬಿಸಿಲಲ್ಲಿ ಬಳಿದರೆ ಸುಣ್ಣ ಹಿಡಿಯುವ ಮೊದಲೇ ಒಣಗಿ ಪುಡಿಯಾಗಿ ಏಳುತ್ತದೆ. ಸಂಜೆಯೇ ಮಾಡಿ. ಪಡುವಣ ಗೋಡೆಗೆ ನರ್ಸರಿಯವರು ಕಟ್ಟುವ ಹಸಿರು ನೆಟ್ಟನ್ನು ಒಂದು ಮೊಳ ಅಂತರ ಬಿಟ್ಟು ಕಟ್ಟಿದೆವು. ವಾರದೊಳಗೆ ರಾತ್ರಿಯ 37 ಹೋಗಿ 34 ಆಯಿತು. ಮೂರು ಡಿಗ್ರಿ ಅಂದರೆ ಸುಮ್ನೆ ಅಲ್ಲ. ಆದರೂ ನಡುರಾತ್ರಿ 34 ಡಿಗ್ರಿಯಲ್ಲಿ ಮುದುಕರನ್ನು ಮಲಗಿಸಲು ನನಗೆ ಮನಸ್ಸು ಒಪ್ಪಲಿಲ್ಲ. ಊರು ಹುಡುಕುವ ಕೆಲಸ ಶುರುವಾಗಿದ್ದು ಇಲ್ಲಿಂದ.

ಹುಡುಕುವಾಗ ಒಂದು ನಿಯಮ ಹಾಕಿಕೊಂಡೆ. ಯಾವ ಊರನ್ನೇ ಆಗಲಿ ಅದರ ಕೆಟ್ಟ ಕಾಲದಲ್ಲಿ ಹೋಗಿ ಇದ್ದು ನೋಡಬೇಕು. ನಾವು ಆಸೆಪಡುವ ಊರುಗಳನ್ನೆಲ್ಲ ನೋಡಿರುವುದು ದಸರಾ ರಜೆಯಲ್ಲೋ ಡಿಸೆಂಬರಿನಲ್ಲೋ ಅಲ್ವಾ? ಆಗ ಕಲಬುರಗಿಯೂ ಸ್ವರ್ಗವೇ.

ಮೊದಲು ಮಂಗಳೂರು. ತಂಗಿಯ ಮಗಳು ಅಲ್ಲಿದ್ದಾಳೆ, ಮುಂಗಾರು ಹಿಡಿಯುವ ಮೊದಲು ಅವಳ ಮನೆಗೆ ಹೋದೆವು. ಎರಡೂ ಥರ್ಮಾಮೀಟರ್ ಜೊತೆಗೆ ಒಯ್ದಿದ್ದೆ. ಶಾಲೆಯಲ್ಲಿ ಮಕ್ಕಳಿಗೆ ತೋರಿಸುತ್ತಿದ್ದ ಪ್ರಯೋಗವನ್ನೇ ಮಾಡಿದೆ. ಒಂದನ್ನು ಹಾಗೇ ಬಿಟ್ಟು, ಇನ್ನೊಂದರ ಬುರುಡೆಗೆ ಹತ್ತಿ ಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ನೀರಿನ ಲೋಟದಲ್ಲಿ ಇಳಿಬಿಟ್ಟು, ಫ್ಯಾನ್ ಗಾಳಿಗೆ ಇಟ್ಟೆ. ಕಲಬುರಗಿಯ ಮಧ್ಯಾಹ್ನ ಒಣ ಥರ್ಮಾಮೀಟರ್ 42 ತೋರಿಸಿದರೆ ಒದ್ದೆಯದು 23ಕ್ಕೆ ಇಳಿಯುತ್ತಿತ್ತು. ಮಂಗಳೂರಿನಲ್ಲಿ ಒಣದ್ದು 34, ಒದ್ದೆಯದು 29. ನೋಡಿ, 42ಕ್ಕಿಂತ 34 ಎಷ್ಟೋ ಕಡಿಮೆ. ಆದರೆ ಬೆವರು ಆರಿ ಮೈ ತಣಿಯಬಹುದಾದ ಮಟ್ಟ ಈ ಒದ್ದೆ ಬಟ್ಟೆಯದು. ಆ ಲೆಕ್ಕದಲ್ಲಿ ಮಂಗಳೂರು ಆರು ಡಿಗ್ರಿ ಮೇಲಿತ್ತು. ಕೂಲರಿನ ಗುಟ್ಟೂ ಇಷ್ಟೇ. ಒಣ ಹವೆಯಲ್ಲಿ ನೀರು ಬೇಗ ಆರಿ ಗಾಳಿ ತಂಪಾಗುತ್ತದೆ. ಕರಾವಳಿಯ ಹವೆ ಆಗಲೇ ನೀರು ತುಂಬಿಕೊಂಡಿದ್ದು, ಅಲ್ಲಿ ಕೂಲರ್ ಬರೀ ಸೆಕೆ ಹೆಚ್ಚಿಸುತ್ತದೆ. ಹುಟ್ಟಿ ಬೆಳೆದವರಿಗೆ ಆ ಸೆಕೆ ರೂಢಿ. ಎಂಬತ್ತರ ಮೇಲೆ ಹೊಸದಾಗಿ ರೂಢಿ ಮಾಡಿಕೋ ಅಂತ ಅತ್ತೆಗೆ ಹೇಗೆ ಹೇಳುವುದು?

ನಮ್ಮ ಮನೆಯವರ ಕನಸು ಸಕಲೇಶಪುರದ್ದು. ಕಾಫಿ ತೋಟದ ಅಂಚಿನಲ್ಲಿ ಹಂಚಿನ ಮನೆ, ಮಂಜು, ಹಸಿರು. ಹಾಗಂತ ಜುಲೈನಲ್ಲೇ ಒಂದು ಮನೆ ಬಾಡಿಗೆಗೆ ಹಿಡಿದು ಹೋದೆವು. 2024ರ ಜುಲೈ ಅಂದರೆ ಮಲೆನಾಡಿನವರಿಗೆ ನೆನಪಿರುತ್ತದೆ. ಶಿರಾಡಿ ಘಾಟಿಯಲ್ಲಿ ದೊಡ್ಡತಪ್ಲೆ ಹತ್ತಿರ ಗುಡ್ಡ ಜರಿದು ಹೆದ್ದಾರಿ ನಿಂತಿತು. ಯಡಕುಮಾರಿ ಬಳಿ ಹಳಿಯ ಕೆಳಗಿನ ಮಣ್ಣು ಜಾರಿ ಮಂಗಳೂರು ರೈಲುಗಳೂ ನಿಂತವು. ನಾವಿದ್ದ ಮನೆಗೆ ಏನೂ ಆಗಲಿಲ್ಲ. ಕರೆಂಟು ಹೋದರೆ ಮಾತ್ರ ದಿನಗಟ್ಟಲೆ ಬರುತ್ತಿರಲಿಲ್ಲ, ಅದರ ಹಿಂದೆಯೇ ಫೋನೂ ಹೋಗುತ್ತಿತ್ತು. ಬಟ್ಟೆಯನ್ನು ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಬೇಕು. ಅತ್ತೆ ಬುಟ್ಟಿ ತುಂಬ ಒಯ್ದಿದ್ದ ಖಟಕ್ ರೊಟ್ಟಿ ಎರಡನೇ ದಿನಕ್ಕೇ ಮೆತ್ತಗಾದವು. ಮೂರನೇ ದಿನ ಜೋಳದ ಹಿಟ್ಟಿನ ಡಬ್ಬಿ ತೆಗೆದರೆ ಮುಗ್ಗಲು ವಾಸನೆ. ಚಪ್ಪಲಿಗೂ ಟ್ರಂಕಿಗೂ ಬೂಸ್ಟು. ಅತ್ತೆಯ ಮಂಡಿ ಬಾತುಕೊಂಡು, ಒಲೆಯ ಮುಂದಿನಿಂದ ಏಳಲೇ ಇಲ್ಲ.

ತೋಟದ ಮನೆಯ ಅಜ್ಜಿ ಒಬ್ಬರು ದಿನಾ ಬಂದು ಕೂರುತ್ತಿದ್ದರು. "ಇದು ಏನೂ ಅಲ್ಲ ಕಣಮ್ಮ. ಆಶ್ಲೇಷ, ಮಘೆ ಮಳೆ ಕಳೀಬೇಕು. ಸೌದೆ, ಅಕ್ಕಿ, ಔಷಧಿ ಎಲ್ಲಾ ಮೇ ತಿಂಗಳಲ್ಲೇ ತಂದಿಟ್ಕೊಂಡಿರ್ತೀವಿ ನಾವು" ಅಂದರು. ನನಗೆ ಆ ಅಜ್ಜಿಯ ಮೇಲೆ ಬಹಳ ಗೌರವ ಮೂಡಿತು. ಮಳೆಗಾಲಕ್ಕೆ ಸಿದ್ಧವಾಗುವುದು ಅಲ್ಲಿ ಜೀವಮಾನದ ಕಲಿಕೆ. ನಮ್ಮ ಹತ್ತಿರ ಅದು ಇಲ್ಲ. ಕಲಬುರಗಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸಾವಿರ ಮಿ.ಮೀ. ಮುಟ್ಟುವುದೇ ಅಪರೂಪ. ಆಗುಂಬೆಯ ಕಡೆ ಸರಾಸರಿಯೇ ಏಳು ಸಾವಿರ ದಾಟುತ್ತದೆ. ಇನ್ನೊಂದು ವಿಷಯವನ್ನೂ ನೋಡಿಕೊಂಡೆವು. ರಾತ್ರಿ ಅತ್ತೆಗೆ ಏನಾದರೂ ಆದರೆ ದೊಡ್ಡ ಆಸ್ಪತ್ರೆಗೆ ಹಾಸನಕ್ಕೇ ಹೋಗಬೇಕು, ಅದೂ ರಸ್ತೆ ತೆರೆದಿದ್ದರೆ. ನಮ್ಮ ಮನೆಯವರು ಬೇಜಾರು ಮಾಡಿಕೊಂಡರು, ಆದರೆ ವಾದ ಮಾಡಲಿಲ್ಲ.

ಧಾರವಾಡದ ಹೆಸರು ಬಂದದ್ದು ಆಮೇಲೆ. ಅಲ್ಲಿ ಕೆಟ್ಟ ಕಾಲ ಎರಡು: ಏಪ್ರಿಲ್ ಬಿಸಿಲು ಮತ್ತು ಜುಲೈ, ಆಗಸ್ಟಿನ ಜಿಟಿಜಿಟಿ ಮಳೆ. 2025ರಲ್ಲಿ ಎರಡೂ ಕಾಲದಲ್ಲಿ ಹೋಗಿ ಇದ್ದು ಬಂದೆವು. ಏಪ್ರಿಲಿನಲ್ಲಿ ಹಗಲು 37 ಇತ್ತು. ಹೀಗಾಗಿ ಹಗಲಿನ ಲೆಕ್ಕದಲ್ಲಿ ತೀರಾ ದೊಡ್ಡ ಲಾಭವೇನಲ್ಲ. ಸಾವಿರ ಮೀಟರ್ ಎತ್ತರಕ್ಕೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಧಾರವಾಡ ಕಲಬುರಗಿಗಿಂತ ಮುನ್ನೂರು ಮೀಟರಿನಷ್ಟೇ ಮೇಲಿದೆ. ಎತ್ತರದಿಂದ ಸಿಗುವುದು ಎರಡು ಡಿಗ್ರಿ. ಆದರೆ ಸಂಜೆ ಪಡುವಣದಿಂದ ಗಾಳಿ ಬೀಸುತ್ತದೆ ನೋಡಿ, ಅದು ಊರನ್ನು ತಣಿಸಿಬಿಡುತ್ತದೆ. ರಾತ್ರಿ ಹನ್ನೊಂದಕ್ಕೆ ಕಿಟಕಿ ತೆರೆದ ಕೋಣೆಯಲ್ಲಿ 27 ಇತ್ತು. ಅತ್ತೆ ಚಾದರ ಕೇಳಿದರು. ನನಗೆ ಆ ಒಂದು ಮಾತು ಸಾಕಾಯಿತು.

ಮಳೆಗಾಲದಲ್ಲಿ ಮನೆ ನೋಡಲು ಹೋದಾಗ ಎಲ್ಲ ಕಡೆ ಒಂದೇ ಪ್ರಶ್ನೆ ಕೇಳಿದೆ: 2019ರ ಆಗಸ್ಟಿನಲ್ಲಿ ಇಲ್ಲಿ ನೀರು ಎಲ್ಲಿವರೆಗೆ ಬಂದಿತ್ತು? ಆ ತಿಂಗಳು ಆ ಕಡೆಯೆಲ್ಲ ಮಳೆ ಹೊಡೆದು ನೆರೆ ಬಂದಿತ್ತು. ಒಂದು ಮನೆ ಬಹಳ ಚೆಂದ ಇತ್ತು, ಬಾಡಿಗೆಯೂ ಕಡಿಮೆ. ಮಾಲೀಕರು "ಇಲ್ಲೇನೂ ನೀರು ಬರಂಗಿಲ್ರೀ ಅಕ್ಕಾರ" ಅಂದರು. ಹಿತ್ತಿಲಿಗೆ ಹೋಗಿ ನೋಡಿದರೆ, ಗೋಡೆಗೆ ಹೊಸ ಬಣ್ಣ ಮೊಣಕಾಲ ಎತ್ತರದವರೆಗೆ ಮಾತ್ರ. ಅದರ ಮೇಲೆ ಹಳೇ ಬಣ್ಣ ಹಾಗೇ ಇದೆ. ಬಾಗಿಲ ಚೌಕಟ್ಟಿನ ಕೆಳಗಿನ ಕಟ್ಟಿಗೆಯೂ ಅಷ್ಟೇ ಎತ್ತರಕ್ಕೆ ಉಬ್ಬಿ ಸೀಳಿತ್ತು. ಪಕ್ಕದ ಕಿರಾಣಿ ಅಂಗಡಿಯವರನ್ನು ಕೇಳಿದಾಗ ನಾಲೆ ತುಂಬಿದ ಕಥೆಯನ್ನೆಲ್ಲ ಹೇಳಿದರು. ಮನೆ ನೋಡಲು ಹೋಗುವವರು ಇದೊಂದನ್ನು ಮರೆಯಬೇಡಿ. ಗೋಡೆಯ ಬುಡ, ಬಾಗಿಲ ಬುಡ, ಆಮೇಲೆ ಅಂಗಡಿಯವರು. ಕುಡಿಯುವ ನೀರನ್ನೂ ಕೇಳಿ. ಧಾರವಾಡಕ್ಕೆ ನೀರು ಮಲಪ್ರಭೆಯಿಂದ ಬರುತ್ತದೆ, ಆದರೆ ಎಲ್ಲ ಬಡಾವಣೆಗೂ ಒಂದೇ ಥರ ಬಿಡುವುದಿಲ್ಲ. ತೊಟ್ಟಿ ಎಷ್ಟು ದೊಡ್ಡದು ಅಂತ ಇಣುಕಿ ನೋಡಿದರೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಅರ್ಥವಾಗುತ್ತದೆ.

ಕೊನೆಗೆ ಸ್ವಲ್ಪ ಎತ್ತರದ ಜಾಗದಲ್ಲಿ, ಮೇಲೆ ಇನ್ನೊಂದು ಅಂತಸ್ತು ಇರುವ ಕೆಳಮನೆ ಹಿಡಿದೆವು. ಚಾವಣಿಯ ಬಿಸಿಲು ಮೇಲಿನವರಿಗೆ ಹೋಗುತ್ತದೆ ಅಂತ ಸ್ವಲ್ಪ ಸಂಕಟವಿತ್ತು. ಮಾಲೀಕರ ಒಪ್ಪಿಗೆ ಪಡೆದು ಅಲ್ಲಿಯ ಚಾವಣಿಗೂ ಸುಣ್ಣ ಬಳಿಸಿಕೊಟ್ಟೆವು. ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಕೊಳ್ಳುವ ಮಾತು ಎತ್ತಿದವರಿಗೆಲ್ಲ ಈಗ ಬೇಡ ಅಂದಿದ್ದೇನೆ. ಕಲಬುರಗಿಯ ಮನೆ ಮಾರಿಲ್ಲ, ಮಾರುವುದೂ ಇಲ್ಲ. ನಮ್ಮ ಊರಿನ ಚಳಿಗಾಲ ನನಗೆ ಯಾವ ಊರಲ್ಲೂ ಸಿಗಲಾರದು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಬೇಕು, ಸಜ್ಜೆ ಕಡುಬು, ಭಜ್ಜಿ ಉಣ್ಣಬೇಕು, ಎಳೆ ಜೋಳದ ತೆನೆ ಸುಟ್ಟ ಸೀತನಿ ತಿನ್ನಬೇಕು. ಇದನ್ನು ಬಿಡು ಅಂದರೆ ಅತ್ತೆ ಬಿಡುವವರೂ ಅಲ್ಲ.

ಹಾಗಾಗಿ ವರ್ಷವನ್ನೇ ಹಂಚಿಕೊಂಡಿದ್ದೇವೆ. ಡಿಸೆಂಬರಿಗೆ ಕಲಬುರಗಿಗೆ ಬರುವುದು, ಶರಣಬಸವೇಶ್ವರರ ತೇರು ಎಳೆಯುವವರೆಗೆ ಇರುವುದು, ಬಿಸಿಲು ಏರುವ ಮೊದಲು ರಾತ್ರಿ ಬಸ್ಸಿಗೆ ಧಾರವಾಡಕ್ಕೆ ಹೊರಡುವುದು. ಜೋಳದ ಚೀಲ ಮಾತ್ರ ಇಲ್ಲಿಂದಲೇ ಹೋಗುತ್ತದೆ.