ಮೈ ಸರಿಯಿಲ್ಲದಾಗ ಗಾಡಿ ಕೀ ಮುಟ್ಟುವ ಮುನ್ನ

ಮಂಡ್ಯದ ನೂರಡಿ ರಸ್ತೆಯಲ್ಲಿ ನನ್ನದೊಂದು ಔಷಧಿ ಅಂಗಡಿ. ಮಳೆಗಾಲ ಹಿಡಿಯಿತೆಂದರೆ ದಿನಕ್ಕೆ ಹತ್ತು ಸಲವಾದರೂ ಒಂದೇ ದೃಶ್ಯ ನೋಡುತ್ತೇನೆ. ಸ್ಕೂಟರ್ ಆಫ್ ಮಾಡಿರುವುದಿಲ್ಲ, ಹೆಲ್ಮೆಟ್ ತೆಗೆದಿರುವುದಿಲ್ಲ, ಅದರ ಗಾಜನ್ನಷ್ಟೇ ಮೇಲೆತ್ತಿ ಒಬ್ಬರು ಕೇಳುತ್ತಾರೆ: “ಅಣ್ಣ, ನೆಗಡಿಗೆ ಒಂದು ಮಾತ್ರೆ ಕೊಡಿ, ಅರ್ಜೆಂಟಾಗಿ ಮೈಸೂರಿಗೆ ಹೋಗಬೇಕು.” ಕೊಟ್ಟಿದ್ದನ್ನು ಅಂಗಡಿಯ ಬಾಟಲಿ ನೀರಿನಲ್ಲೇ ನುಂಗಿ, ಚಿಲ್ಲರೆಗೂ ಕಾಯದೆ ಹೊರಟುಬಿಡುತ್ತಾರೆ. ಆ ಮಾತ್ರೆ ತನ್ನ ಕೆಲಸ ಶುರು ಮಾಡುವುದು ಅರ್ಧ, ಮುಕ್ಕಾಲು ಗಂಟೆಗೆ. ಲೆಕ್ಕ ಹಾಕಿದರೆ ಸರಿಯಾಗಿ ಶ್ರೀರಂಗಪಟ್ಟಣದ ಆಸುಪಾಸಿನಲ್ಲಿ.

ಕುಡಿದು ಓಡಿಸಬಾರದು ಎಂಬುದು ಎಲ್ಲರಿಗೂ ಗೊತ್ತು. ಜ್ವರದಲ್ಲಿ, ತಲೆಸುತ್ತಿನಲ್ಲಿ, ಮಾತ್ರೆಯ ಮಂಪರಿನಲ್ಲಿ ಓಡಿಸುವುದನ್ನು ಮಾತ್ರ ನಾವು ಗಟ್ಟಿತನ ಎಂದುಕೊಂಡಿದ್ದೇವೆ. ಮೋಟಾರು ವಾಹನ ಕಾಯ್ದೆಯ 186ನೇ ಕಲಮು ಹಾಗೆಂದುಕೊಂಡಿಲ್ಲ. ಇತರರಿಗೆ ಅಪಾಯವಾಗುವಂಥ ಕಾಯಿಲೆ ತನಗಿದೆ ಎಂದು ತಿಳಿದೂ ವಾಹನ ಓಡಿಸಿದರೆ ಮೊದಲ ಸಲ 1,000 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ದರೆ 2,000 ರೂಪಾಯಿವರೆಗೆ ದಂಡ.

ಮೊದಲ ಹೆಜ್ಜೆ: ತೀರ್ಮಾನ ನಿಮ್ಮದಲ್ಲ

ಕೀಯನ್ನು ಗೂಟದಲ್ಲೇ ಇರಲು ಬಿಡಿ. ಅದು ಕೈಗೆ ಬಂದ ಮೇಲೆ ಮನಸ್ಸು ಹೊರಡುವ ಕಡೆಗೇ ವಾದ ಮಾಡುತ್ತದೆ. ಮನೆಯಲ್ಲಿರುವ ಯಾರನ್ನಾದರೂ ಕರೆದು “ನನ್ನ ಮುಖ ನೋಡಿ ಹೇಳು, ನಿನ್ನ ಮಗುವನ್ನು ನನ್ನ ಹಿಂದೆ ಕೂರಿಸಿ ಕಳಿಸುತ್ತೀಯಾ?” ಎಂದು ಕೇಳಿ. ಜ್ವರ ಬಂದವನ ಮಿದುಳು ಜ್ವರವನ್ನು ಅಳೆಯಲಾರದು. “ನನಗೇನೂ ಆಗಿಲ್ಲ” ಎಂದು ಎರಡು ಸಲ ಹೇಳಬೇಕಾಗಿ ಬಂದರೆ ಏನೋ ಆಗಿದೆ ಎಂದೇ ಅರ್ಥ.

ಎರಡನೆಯದು: ಯೋಚನೆಯೇ ಬೇಡದವು

ಎದೆನೋವು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಕತ್ತಲೆ ಕಟ್ಟಿ ಬಿದ್ದದ್ದು, ಫಿಟ್ಸ್, ಒಂದು ವಸ್ತು ಎರಡಾಗಿ ಕಾಣುವುದು, ಕೋಣೆಯೇ ತಿರುಗುವಂಥ ತಲೆಸುತ್ತು. ಇವುಗಳಲ್ಲಿ ಯಾವುದಿದ್ದರೂ ಗಾಡಿ ಮುಟ್ಟಬಾರದು. ಎದೆ ಹಿಡಿದುಕೊಂಡೇ ತಾವೇ ಕಾರು ಓಡಿಸಿಕೊಂಡು ಮೈಸೂರಿನ ಕೆ.ಆರ್.ಎಸ್. ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೊರಟವರನ್ನು ನಾನೇ ತಡೆದು ನಿಲ್ಲಿಸಿದ್ದೇನೆ. 108ಕ್ಕೆ ಕರೆ ಮಾಡಿದರೆ ದಾರಿಯಲ್ಲಿ ನೋಡಿಕೊಳ್ಳಲು ಒಬ್ಬರಾದರೂ ಜೊತೆಗಿರುತ್ತಾರೆ. ಸ್ಟೀರಿಂಗ್ ಹಿಡಿದು ಕೂತವನಿಗೆ ಯಾರಿದ್ದಾರೆ?

ಮೂರನೆಯದು: ಮೈಯನ್ನು ಪರೀಕ್ಷಿಸಿ

ಇದಕ್ಕೆ ಮೂರು ನಿಮಿಷ ಸಾಕು. ಕುತ್ತಿಗೆಯನ್ನು ಎರಡೂ ಭುಜದ ಕಡೆಗೆ ಪೂರ್ತಿ ತಿರುಗಿಸಿ. ನೋವಿಗೆ ಅರ್ಧಕ್ಕೇ ನಿಂತರೆ ಬಲಗಡೆಯಿಂದ ಬರುವ ಬಸ್ಸು ನಿಮಗೆ ಕಾಣುವುದಿಲ್ಲ. ತಿರುಗಿಸಿದಾಗ ತಲೆ ಸುತ್ತಿದರೆ ಅಲ್ಲಿಗೇ ಮುಗಿಯಿತು. ಚಿಕುನ್‌ಗುನ್ಯಾ ಬಂದು ಹೋದವರು ನಿಂತ ಗಾಡಿಯ ಬ್ರೇಕ್ ಹಿಡಿಯನ್ನು ಹತ್ತು ಸಲ ಗಟ್ಟಿಯಾಗಿ ಹಿಸುಕಿ ನೋಡಲಿ. ಜ್ವರ ಬಿಟ್ಟು ವಾರಗಳಾದರೂ ಗೆಣ್ಣುಗಳು ಮಾತು ಕೇಳುವುದಿಲ್ಲ.

ಆಮೇಲೆ ಕಣ್ಣು. ಲೈಸೆನ್ಸ್ ಅರ್ಜಿಯ ಜೊತೆ ಭರ್ತಿ ಮಾಡುವ ಫಾರಂ 1ರಲ್ಲಿ ಒಂದು ಪ್ರಶ್ನೆ ಇದೆ: ಹಗಲು ಬೆಳಕಿನಲ್ಲಿ, ಬೇಕಿದ್ದರೆ ಕನ್ನಡಕ ಹಾಕಿಕೊಂಡು, 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟನ್ನು ಒಂದೊಂದೇ ಕಣ್ಣಿನಲ್ಲಿ ಗುರುತಿಸಬಲ್ಲಿರಾ? ಎಲ್ಲರೂ ಕಣ್ಣುಮುಚ್ಚಿ “ಹೌದು” ಎಂದು ಬರೆದುಬಿಟ್ಟಿರುತ್ತೇವೆ. ಈಗ ನಿಜವಾಗಿ ಮಾಡಿ ನೋಡಿ. ಗೇಟಿನಿಂದ ಮೂವತ್ತೈದು ಹೆಜ್ಜೆ ಆಚೆ ನಿಂತ ಕಾರು ಸಾಕು. ಕಣ್ಣು ಬಂದಿದ್ದರೆ, ಮೂಗಿನ ಜೊತೆ ಕಣ್ಣೂ ಸುರಿಯುತ್ತಿದ್ದರೆ, ಅಂಕಿಗಳು ಕಲಸಿಹೋಗುತ್ತವೆ. ಅಂದಹಾಗೆ, ಹಣೆಗೆ, ಮೂಗಿನ ಕೆಳಗೆ ನೋವಿನ ಮುಲಾಮು ಬಳಿದುಕೊಂಡು ಹೆಲ್ಮೆಟ್ ಗಾಜು ಮುಚ್ಚುವುದು ಶುದ್ಧ ಮೂರ್ಖತನ. ಅದರ ಘಾಟು ಒಳಗೇ ನಿಂತು ಕಣ್ಣಿಗಿಳಿಯುತ್ತದೆ.

ಸೀನು ನಿಲ್ಲದಿದ್ದರೂ ಹೊರಡಬೇಡಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 28 ಮೀಟರ್ ಓಡುತ್ತದೆ. ಸೀನುವಾಗ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ.

ನಾಲ್ಕನೆಯದು: ಮಾತ್ರೆ. ಇಲ್ಲೇ ಎಲ್ಲರೂ ಎಡವುವುದು

ಈ ಲೇಖನ ಬರೆಯಲು ಕೂತದ್ದೇ ಇದಕ್ಕಾಗಿ. ಮಾತ್ರೆ ನುಂಗಿದ ಮೇಲೆ ಮೂಗು ಬಿಡುತ್ತದೆ, ಮೈಕೈ ನೋವು ಇಳಿಯುತ್ತದೆ, ಆರಾಮ ಅನ್ನಿಸುತ್ತದೆ. ಆರಾಮ ಅನ್ನಿಸಿದ್ದೇ ಸಾಕ್ಷಿ ಎಂದುಕೊಂಡು ಹೊರಡುತ್ತೇವೆ. ನಾನೂ ಹಾಗೇ ಹೊರಟವನು. ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಇನ್ನೂ ಆಗಿರದ ಕಾಲ, ಮೈಸೂರಿನ ಸಗಟು ಅಂಗಡಿಯಿಂದ ಸರಕು ತರಬೇಕಿತ್ತು. ನನ್ನದೇ ಅಂಗಡಿಯ ನೆಗಡಿ ಮಾತ್ರೆ ನುಂಗಿ ವ್ಯಾನ್ ಹತ್ತಿದೆ. ಗಣಂಗೂರು ದಾಟಿದ್ದು ನೆನಪಿದೆ. ಕಾವೇರಿ ಸೇತುವೆಯ ಮೇಲೆ ಹಿಂದಿನ ಲಾರಿಯವನು ಹಾರ್ನ್ ಒತ್ತಿ ಹಿಡಿದದ್ದು ನೆನಪಿದೆ. ನಡುವೆ ಬಾಬುರಾಯನಕೊಪ್ಪಲು ಎಂಬ ಊರಿದೆಯಲ್ಲ, ಅದು ನನ್ನ ಪಾಲಿಗೆ ಇಂದಿಗೂ ಬಂದಿಲ್ಲ. ತೂಕಡಿಸಿದೆ ಎಂದೂ ನನಗೆ ಅನ್ನಿಸಿರಲಿಲ್ಲ.

ನಮ್ಮಲ್ಲಿ ಮಾರಾಟವಾಗುವ ನೆಗಡಿ ಮಾತ್ರೆಗಳಲ್ಲಿ ಹೆಚ್ಚಿನವು ಮೂರು ನಾಲ್ಕು ಔಷಧಿಗಳ ಮಿಶ್ರಣ. ಜ್ವರಕ್ಕೆ ಪ್ಯಾರಸಿಟಮಾಲ್, ಮೂಗು ಬಿಡಿಸಲು ಫಿನೈಲೆಫ್ರಿನ್, ಸುರಿಯುವುದನ್ನು ನಿಲ್ಲಿಸಲು ಕ್ಲೋರ್‌ಫೆನಿರಮಿನ್. ಮಂಪರು ತರುವುದು ಈ ಮೂರನೆಯದು. ಇದು ಮೈಯಿಂದ ಬೇಗ ಹೋಗುವುದೂ ಇಲ್ಲ. ರಾತ್ರಿ ನುಂಗಿದ್ದರ ಭಾರ ಬೆಳಿಗ್ಗೆ ಸ್ಕೂಟರ್ ಹತ್ತುವಾಗಲೂ ಉಳಿದಿರುತ್ತದೆ. ಕೆಲವು ಮಾತ್ರೆಗಳಲ್ಲಿ ಕೆಫೀನ್ ಸೇರಿಸಿರುತ್ತಾರೆ. ಅದರಿಂದ ಕಣ್ಣು ತೆರೆದಿರುತ್ತದೆ ಅಷ್ಟೇ, ಬ್ರೇಕಿನ ಮೇಲೆ ಕಾಲು ಹೋಗುವುದು ತಡವಾಗುವುದು ತಪ್ಪುವುದಿಲ್ಲ.

“ಹಾಗಾದರೆ ಸೆಟ್ರಿಜಿನ್ ಕೊಡಿ” ಎನ್ನುತ್ತಾರೆ ತಿಳಿದವರು. ಅದು ಹಳೆಯ ಕ್ಲೋರ್‌ಫೆನಿರಮಿನ್‌ಗಿಂತ ವಾಸಿ, ಆದರೆ ಬಹಳ ಜನರಿಗೆ ಅದರಲ್ಲೂ ಜೊಂಪು ಹತ್ತುತ್ತದೆ. ಗಾಡಿ ಓಡಿಸಲೇಬೇಕಾದವರಿಗೆ ನಾನು ಡಾಕ್ಟರನ್ನು ಕೇಳಲು ಹೇಳುವ ಹೆಸರು ಫೆಕ್ಸೊಫೆನಡಿನ್. ಮಂಪರು ತೀರಾ ಕಡಿಮೆ. ಅದನ್ನು ನೀರಿನಲ್ಲೇ ನುಂಗಬೇಕು. ಕಿತ್ತಳೆ, ಸೇಬಿನ ರಸದ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ.

ನೆಗಡಿಯದಷ್ಟೇ ಅಲ್ಲ. ಡೆಕ್ಸ್‌ಟ್ರೋಮೆಥಾರ್ಫನ್ ಅಥವಾ ಕೋಡೀನ್ ಇರುವ ಕೆಮ್ಮಿನ ಸಿರಪ್, ಮಡಿಕೇರಿ ಘಾಟಿಯಲ್ಲಿ ವಾಂತಿಯಾಗದಿರಲೆಂದು ನುಂಗುವ ಪ್ರೊಮೆಥಜಿನ್, ತಲೆಸುತ್ತಿನ ಸಿನ್ನರಿಜಿನ್, ಸೊಂಟ ಹಿಡಿದಾಗ ಕೊಡುವ ಟಿಜಾನಿಡಿನ್, ಟ್ರಮಡಾಲ್, ಕಾಲುರಿಗೆ ಕೊಡುವ ಪ್ರಿಗಾಬಲಿನ್, ನಿದ್ದೆಗೆ ಕೊಡುವ ಆಲ್‌ಪ್ರಜೋಲಾಂ ಎಲ್ಲವೂ ಇದೇ ಗುಂಪಿನವು. ಹೊಟ್ಟೆ ನುಲಿತಕ್ಕೆ ಕೊಡುವ ಡೈಸೈಕ್ಲೋಮಿನ್ ಕಣ್ಣು ಮಸುಕಾಗಿಸುತ್ತದೆ. ಇದನ್ನು ಯಾರೂ ನಂಬುವುದಿಲ್ಲ. ಹಿಂದಿನ ರಾತ್ರಿ ಮದುವೆ ಮನೆಯಲ್ಲಿ ಎರಡು ಗುಟುಕು ಹಾಕಿದ್ದರೆ ಇವೆಲ್ಲದರ ಮಂಪರು ಇನ್ನಷ್ಟು ಗಾಢವಾಗುತ್ತದೆ.

ಸ್ಟ್ರಿಪ್ ಓದುವುದು ಹೇಗೆ? ಹೊಳೆಯುವ ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದನ್ನು ಬಿಡಿ. ಅದರ ಕೆಳಗೆ ಇರುವೆ ಸಾಲಿನಂತೆ ಕಾಣುವ ಅಕ್ಷರಗಳಲ್ಲಿ ಒಳಗೇನಿದೆ ಎಂಬುದಿರುತ್ತದೆ. ಆದರೆ ನೀವು ಕೇಳುವುದು ಎರಡೇ ಮಾತ್ರೆ. ನಾವು ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತೇವೆ. ಎಚ್ಚರಿಕೆ, ಅವಧಿ ಮುಗಿಯುವ ತಾರೀಖು ಇರುವ ತುಂಡು ಎಷ್ಟೋ ಸಲ ನಮ್ಮ ಡಬ್ಬಿಯಲ್ಲೇ ಉಳಿಯುತ್ತದೆ. ಕತ್ತರಿಸುವ ಮೊದಲು ಪೂರ್ತಿ ಸ್ಟ್ರಿಪ್ ತೋರಿಸಿ ಎಂದು ಕೇಳಿ, ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಅಂಗಡಿಯವನು ಮುಖ ಗಂಟಿಕ್ಕಿದರೆ ಬೇರೆ ಅಂಗಡಿಗೆ ಹೋಗಿ. ಸ್ಟ್ರಿಪ್ಪಿನ ಅಂಚಿನ ಕೆಂಪು ಗೆರೆಯನ್ನು ನೋಡಿ “ಇದು ನಿದ್ದೆ ಮಾತ್ರೆ” ಎಂದು ಹಿಂದಿರುಗಿಸುವವರೂ ಇದ್ದಾರೆ. ಆ ಗೆರೆ ಹೇಳುವುದು ವೈದ್ಯರ ಚೀಟಿಯಿಲ್ಲದೆ ನುಂಗಬೇಡಿ ಎಂದು. ನಿದ್ದೆಗೂ ಅದಕ್ಕೂ ಸಂಬಂಧವಿಲ್ಲ.

ನನ್ನ ನಿಯಮ ಒಂದೇ, ಇದರಲ್ಲಿ ರಾಜಿ ಇಲ್ಲ: ಯಾವುದೇ ಹೊಸ ಮಾತ್ರೆಯ ಮೊದಲ ದಿನ ಗಾಡಿ ಇಲ್ಲ. ಅದು ನಿಮ್ಮ ಮೈಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಮನೆಯ ಕುರ್ಚಿಯಲ್ಲಿ ಕೂತು ನೋಡಿ. ಇದಕ್ಕೊಂದು ಒಳದಾರಿಯೂ ಉಂಟು: ದಿನಕ್ಕೊಂದೇ ಮಾತ್ರೆಯಾಗಿದ್ದರೆ ರಾತ್ರಿ ನುಂಗಬಹುದೇ ಎಂದು ಡಾಕ್ಟರನ್ನು ಕೇಳಿ, ಎಷ್ಟೋ ಮಾತ್ರೆಗಳಿಗೆ ಒಪ್ಪುತ್ತಾರೆ. ಆದರೆ ಗಾಡಿ ಓಡಿಸಬೇಕೆಂದು ಬಿ.ಪಿ., ಫಿಟ್ಸ್ ಮಾತ್ರೆಗಳನ್ನು ತಾವಾಗಿ ಬಿಡುವ ಜಾಣರ ಸಾಲಿಗೆ ಸೇರಬೇಡಿ.

ಪ್ಯಾರಸಿಟಮಾಲ್ ಒಂದನ್ನೇ ನುಂಗಿದರೆ ಮಂಪರಿಲ್ಲ. ಆದರೆ ನಾಲ್ಕಾರು ಗಂಟೆಗೆ ಅದರ ಬಲ ಇಳಿದು ಜ್ವರ ಮತ್ತೆ ಏರುತ್ತದೆ, ಅಷ್ಟರಲ್ಲಿ ನೀವು ರಾಮನಗರದಲ್ಲಿರುತ್ತೀರಿ. ಅದಕ್ಕೇ ಜ್ವರ ನೋಡುವುದಾದರೆ ಮಾತ್ರೆಗೆ ಮೊದಲು ನೋಡಿ. ಥರ್ಮಾಮೀಟರ್ 101 ತೋರಿಸಿದರೆ ನನ್ನ ಮನೆಯಲ್ಲಿ ಯಾರಿಗೂ ಕೀ ಸಿಗುವುದಿಲ್ಲ.

ಇನ್ನೊಂದು ಸರಕಿನ ಬಗ್ಗೆ ಹೇಳಿಬಿಡುತ್ತೇನೆ. ಕಿವಿಗೆ ಸಿಕ್ಕಿಸಿಕೊಳ್ಳುವ, ತಲೆ ಮುಂದಕ್ಕೆ ಬಾಗಿದರೆ ಕೀಂ ಎನ್ನುವ ನಿದ್ದೆ ಅಲಾರಂ ಆನ್‌ಲೈನಿನಲ್ಲಿ ಸಿಗುತ್ತದೆ. ತಲೆ ಬಾಗುವ ಹೊತ್ತಿಗೆ ನಿದ್ದೆ ಬಂದಾಗಿರುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ದುಡ್ಡು ದಂಡ.

ಐದನೆಯದು: ಸಕ್ಕರೆ ಕಾಯಿಲೆಯವರಿಗೆ ಮಾತ್ರ

ಮೈ ಸರಿಯಿಲ್ಲ, ಬಾಯಿ ರುಚಿಯಿಲ್ಲ, ಬೆಳಿಗ್ಗೆ ಏನೂ ತಿಂದಿಲ್ಲ; ಆದರೆ ಅಭ್ಯಾಸಬಲದಿಂದ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮಿಪಿರೈಡ್ ಮಾತ್ರೆಯನ್ನು ಮಾತ್ರ ತಪ್ಪಿಸಿಲ್ಲ. ಇದು ಅಪಾಯದ ಜೋಡಿ. ಸಕ್ಕರೆ ಇಳಿದವನು ಬೆವರುತ್ತಾನೆ, ರೇಗುತ್ತಾನೆ, ತೊದಲುತ್ತಾನೆ. ರಸ್ತೆಯಲ್ಲಿ ನೋಡಿದವರು ಕುಡಿದಿದ್ದಾನೆ ಎನ್ನುತ್ತಾರೆ. ಹೊರಡುವ ಮುನ್ನ ಬೆರಳು ಚುಚ್ಚಿ ನೋಡಿ. 90ಕ್ಕಿಂತ ಕಡಿಮೆಯಿದ್ದರೆ ಮೊದಲು ತಿನ್ನಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಸರಿಹೋದ ಮೇಲೂ ಮುಕ್ಕಾಲು ಗಂಟೆ ಗಾಡಿ ಬೇಡ. ಅಂಕಿ ಮೇಲೇರಿದ ಕೂಡಲೇ ಮಿದುಳು ಮೇಲೇಳುವುದಿಲ್ಲ. ದೂರದ ದಾರಿಯಾದರೆ ಎರಡು ಗಂಟೆಗೊಮ್ಮೆ ನಿಲ್ಲಿಸಿ ನೋಡಿ. ಗಾಡಿಯಲ್ಲಿ ಗ್ಲೂಕೋಸ್ ಪುಡಿ ಇರಲಿ. ಚಾಕೊಲೇಟ್ ಆ ಹೊತ್ತಿಗೆ ಆಗುವುದಿಲ್ಲ, ಅದರ ಕೊಬ್ಬು ಸಕ್ಕರೆಯನ್ನು ತಡೆದು ನಿಧಾನ ಮಾಡುತ್ತದೆ.

ಆರನೆಯದು: ಹಿಂದಿರುಗುವ ದಾರಿ

ಹೋಗುವಾಗ ಸರಿಯಿದ್ದವರು ಬರುವಾಗ ಸರಿಯಿರುವುದಿಲ್ಲ. ಕಣ್ಣಿನ ಡಾಕ್ಟರು ಪಾಪೆ ಹಿಗ್ಗಿಸಲು ಹನಿ ಹಾಕಿದರೆ ನಾಲ್ಕಾರು ಗಂಟೆ ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ನೋಟ ಮಂಜಾಗಿರುತ್ತದೆ. ಹಲ್ಲು ಕೀಳಿಸುವುದು, ಎಂಡೋಸ್ಕೋಪಿ, ನೋವಿನ ಇಂಜೆಕ್ಷನ್ ಇದ್ದರೂ ಅಷ್ಟೇ, ಜೊತೆಗೊಬ್ಬರಿರಲಿ. ಆಸ್ಪತ್ರೆಗೆ ಒಬ್ಬರೇ ಬೈಕಿನಲ್ಲಿ ಹೋಗುವುದನ್ನು ಶೌರ್ಯ ಎಂದು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ.

ಏಳನೆಯದು: ಬೇರೆ ದಾರಿ

ಮಂಡ್ಯ, ಮೈಸೂರಿನ ನಡುವೆ ಇರುವವರಿಗೆ ನೆಪವೇ ಇಲ್ಲ. ರೈಲಿನಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಬಸ್ಸುಗಳು ಬೆಳಗಿನಿಂದ ರಾತ್ರಿವರೆಗೂ ಇವೆ. ಊರೊಳಗಾದರೆ ಆಟೊ. “ಇಲ್ಲೇ ಹತ್ತಿರ, ಸಂತೆಗೆ ಹೋಗಿ ಬರುತ್ತೇನೆ” ಎನ್ನಬೇಡಿ. ಮನೆ ಹತ್ತಿರದ ರಸ್ತೆಯಲ್ಲೇ ಮಕ್ಕಳು ಆಡುವುದು.

ಹೊರಡಲೇಬೇಕಾದ ಸಣ್ಣ ನೆಗಡಿಯಾದರೆ ಹಗಲಿನಲ್ಲಿ ಹೊರಡಿ. ಕಬ್ಬು ಅರೆಯುವ ದಿನಗಳಲ್ಲಿ ಮದ್ದೂರು, ಪಾಂಡವಪುರದ ಕಡೆ ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರುಗಳು ಕತ್ತಲಲ್ಲಿ ಎದುರಾಗುತ್ತವೆ. ಚುರುಕಾಗಿರುವವರಿಗೇ ಅವು ಕಾಣುವುದು ಕಷ್ಟ. ದಶಪಥದಲ್ಲಿ ಹೋಗುವ ಕಾರಿನವರು ಇದನ್ನು ನೆನಪಿಡಿ: ಮೈ ಕೈಕೊಟ್ಟಿತೆಂದು ಅಲ್ಲಿ ಎಲ್ಲೆಂದರಲ್ಲಿ ಇಳಿಯಲು ದಾರಿಯಿಲ್ಲ. ಕಣ್ಣು ಮಂಜಾದರೆ, ಬೆವರಿದರೆ, ಹಿಂದಿನ ಎರಡು ಕಿಲೋಮೀಟರ್ ನೆನಪಿಗೆ ಬಾರದಿದ್ದರೆ ಎಡ ಅಂಚಿಗೆ ಸರಿದು, ನಾಲ್ಕೂ ಇಂಡಿಕೇಟರ್ ಹಾಕಿ, ಕಾರಿನಿಂದ ಇಳಿದು ತಡೆಗೋಡೆಯ ಆಚೆ ನಿಂತು 1033ಕ್ಕೆ ಕರೆ ಮಾಡಿ. ಅದು ಹೆದ್ದಾರಿಯವರ ಸಹಾಯವಾಣಿ. ಕಾಫಿ ಕುಡಿದು ಮುಂದುವರಿಯುವುದು ಪರಿಹಾರವಲ್ಲ. ಅದು ತಲೆಗೇರಲು ಅರ್ಧ ಗಂಟೆ ಬೇಕು, ಜ್ವರಕ್ಕಂತೂ ಏನೂ ಮಾಡುವುದಿಲ್ಲ.

ಈಗ ನಾನು ಮಾತ್ರೆ ಕೊಡುವ ಮೊದಲು “ಗಾಡಿಯಲ್ಲಿ ಬಂದಿದ್ದೀರಾ?” ಎಂದು ಕೇಳುತ್ತೇನೆ. ಅರ್ಧ ಜನ ಸಿಡುಕುತ್ತಾರೆ. ಕೆಲವರು ಮಾತ್ರ ಒಂದು ಗಳಿಗೆ ಯೋಚಿಸಿ, ಸ್ಕೂಟರನ್ನು ಅಲ್ಲೇ ನಿಲ್ಲಿಸಿ, ಆಟೊ ಹತ್ತಿ ಹೋಗಿ ಮರುದಿನ ಬಂದು ಒಯ್ಯುತ್ತಾರೆ. ಅಂಥವರಿಗೆ ಒಂದು ಸೂಚನೆ: ಶಟರ್ ಎಳೆಯುವುದು ರಾತ್ರಿ ಹತ್ತಕ್ಕೆ, ಅದಕ್ಕೆ ಅಡ್ಡವಾಗದಂತೆ ಎಡಗಡೆ ನಿಲ್ಲಿಸಿ, ಹ್ಯಾಂಡಲ್ ಲಾಕ್ ಮಾಡಲು ಮರೆಯಬೇಡಿ.